ನೂರು ವರ್ಷದ ಹಳೇ ಸಿನಿಮಾಗೂ ಕಾಪಿರೈಟ್ ಕ್ಲೇಮ್ ಬರುತ್ತಾ?

ಮೂಕಿಪ್ರಿಯ
ಎಲ್ಲರಿಗೂ ನಮಸ್ಕಾರ. ಮೂಕಿ ಚಿತ್ರಗಳಿಗೆ ಕನ್ನಡದಲ್ಲಿ ಟೈಟಲ್ ಕಾರ್ಡ್ ಮಾಡಿ ಯೂಟ್ಯೂಬಿಗೆ ಏರಿಸುವ ಕೆಲಸ ಶುರು ಮಾಡಿದ್ದೇನೆ. ಮಾತಿಲ್ಲದ ಸಿನಿಮಾ, ನಡುನಡುವೆ ಬರುವ ನಾಲ್ಕು ಸಾಲು ಕನ್ನಡದಲ್ಲಿದ್ದರೆ ಸಾಕು, ಇಂಗ್ಲಿಷ್ ಬಾರದ ಅಜ್ಜಿಯೂ ನೋಡಬಹುದು, ಈಗಷ್ಟೇ ಓದಲು ಕಲಿತ ಮಗುವೂ ನೋಡಬಹುದು.

ಮೊದಲಿಗೆ ಆರಿಸಿಕೊಂಡಿದ್ದು ಮುರ್ನೌ ಅವರ ‘ನೊಸ್ಫೆರಾಟು’. 1922ರ ಜರ್ಮನ್ ರಕ್ತಪಿಶಾಚಿ ಚಿತ್ರ. ಏರಿಸಿದ ಸ್ವಲ್ಪ ಹೊತ್ತಿಗೇ ಕಾಪಿರೈಟ್ ಕ್ಲೇಮ್, ಅಂದ್ರೆ ಇದರ ಹಕ್ಕು ನಮ್ಮದು ಅನ್ನುವ ತಕರಾರು, ಬಂದು ಕೂತಿದೆ. ನಿರ್ದೇಶಕರು ತೀರಿಕೊಂಡಿದ್ದೇ 1931ರಲ್ಲಿ. ಇನ್ನೂ ಯಾರ ಹಕ್ಕು ಉಳಿದಿದೆ ಇದರ ಮೇಲೆ?

ಇನ್ನೊಂದು ಪ್ರಶ್ನೆ. ನಿಜವಾಗಿಯೂ ಸಾರ್ವಜನಿಕ ಸ್ವತ್ತಾಗಿರುವ ಚಿತ್ರ ಯಾವುದು, ಅಲ್ಲದ್ದು ಯಾವುದು ಅಂತ ತಿಳಿಯುವುದು ಹೇಗೆ? ‘ಇಂಟರ್ನೆಟ್ ಆರ್ಕೈವ್‌ನಲ್ಲಿದೆ, ಹಾಗಾಗಿ ಫ್ರೀ’ ಅನ್ನುವ ಉತ್ತರ ಬೇಡ, ಆ ಜಾಲತಾಣದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಏರಿಸಬಹುದು ಅಂತ ಗೊತ್ತು.

ಮಧ್ಯಂತರ
ಕ್ಲೇಮ್ ಚಿತ್ರದ ಮೇಲೋ ಸಂಗೀತದ ಮೇಲೋ? ಅಲ್ಲೇ ಬರೆದಿರುತ್ತೆ, ಓದಿ ಹೇಳಿ.

ಮೂಕಿಪ್ರಿಯ
‘ಸೌಂಡ್ ರೆಕಾರ್ಡಿಂಗ್’ ಅಂತಿದೆ.

ಮಧ್ಯಂತರ
ಹಾಗಾದ್ರೆ ಮುಗೀತು. ಸಿನಿಮಾ ಫ್ರೀ, ಸಂಗೀತ ಅಲ್ಲ.

ಕಾನೂನುಕಣ್ಣು
ಮಧ್ಯಂತರ ಹೇಳಿದ್ದು ಸರಿ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೂಕಿ ಚಿತ್ರದ ರೀಲಿನಲ್ಲಿ ಧ್ವನಿಯೇ ಇರಲಿಲ್ಲ. ಥಿಯೇಟರಲ್ಲಿ ಪಿಯಾನೋದವರೋ ವಾದ್ಯವೃಂದದವರೋ ಕೂತು ನುಡಿಸ್ತಿದ್ದರು. ‘ನೊಸ್ಫೆರಾಟು’ಗೆ ಹಾನ್ಸ್ ಎರ್ಡ್‌ಮನ್ ಬರೆದ ಸಂಗೀತದ ಬಹುಭಾಗ ಕಳೆದೇ ಹೋಗಿದೆ. ಈಗ ನೀವು ಕೇಳೋದೆಲ್ಲ ಈಚಿನ ದಶಕಗಳಲ್ಲಿ ಯಾರೋ ಹೊಸದಾಗಿ ಕಟ್ಟಿದ್ದು, ಇಲ್ಲಾ ಉಳಿದ ತುಣುಕು ಜೋಡಿಸಿ ಮರುರಚನೆ ಮಾಡಿದ್ದು. ಆ ಸಂಗೀತಗಾರರ ಹಕ್ಕು ಈಗಲೂ ಜೀವಂತ. ಯೂಟ್ಯೂಬಿನ ಯಂತ್ರ ಗುರುತು ಹಿಡಿದಿದ್ದು ಅದನ್ನೇ.

ಚಿತ್ರದ ವಿಷಯಕ್ಕೆ ಬಂದರೆ ಮೂರು ಲೆಕ್ಕ ನೆನಪಿಡಿ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ ಬಿಡುಗಡೆಯಾದ ವರ್ಷದಿಂದ 95 ವರ್ಷ. 1930ರ ಚಿತ್ರಗಳು 2026ರ ಜನವರಿ 1ಕ್ಕೆ ಮುಕ್ತವಾದವು. ಯುರೋಪಿನಲ್ಲಿ ಮುಖ್ಯ ನಿರ್ದೇಶಕ, ಚಿತ್ರಕಥೆಗಾರ, ಸಂಭಾಷಣೆಕಾರ, ಆ ಚಿತ್ರಕ್ಕೆಂದೇ ಸಂಗೀತ ಬರೆದವರು, ಈ ನಾಲ್ವರಲ್ಲಿ ಕೊನೆಗೆ ಯಾರು ತೀರಿಕೊಂಡರೋ ಅವರು ಸತ್ತ ಮೇಲೆ 70 ವರ್ಷ. ‘ನೊಸ್ಫೆರಾಟು’ದ ಚಿತ್ರಕಥೆಗಾರ ಹೆನ್ರಿಕ್ ಗಲೀನ್ ತೀರಿಕೊಂಡಿದ್ದು 1949ರಲ್ಲಿ. ಹಾಗಾಗಿ 2019ರ ಕೊನೆಗೆ ಜರ್ಮನಿಯಲ್ಲೂ ಮುಗೀತು. ಭಾರತದಲ್ಲಿ ಸಿನಿಮಾಗೆ, ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ ಎಣಿಸಿ 60 ವರ್ಷ. ವಿದೇಶಿ ಚಿತ್ರಕ್ಕೆ ಅದರ ಸ್ವಂತ ದೇಶದಲ್ಲಿರುವ ಅವಧಿಗಿಂತ ಹೆಚ್ಚು ರಕ್ಷಣೆ ಇಲ್ಲಿ ಸಿಗಲ್ಲ.

ಅಂದ್ರೆ ನಿಮ್ಮ ಚಿತ್ರ ಮೂರೂ ಕಡೆ ಮುಕ್ತ. ಸಂಗೀತದ ಟ್ರ್ಯಾಕ್ ತೆಗೆದುಹಾಕಿ ಮತ್ತೆ ಏರಿಸಿ.

ಹೊಸಬ
ಯೂಟ್ಯೂಬಲ್ಲಿ ಬೇರೆಯವರು ಹಾಕಿ ವರ್ಷಗಟ್ಟಲೆ ಇದೆ ಅಂದ್ರೆ ಫ್ರೀ ಅಂತಲೇ ಅರ್ಥ ಅಲ್ವಾ ಸರ್?

ಕಾನೂನುಕಣ್ಣು
ಅಲ್ಲ. ಮಾಲೀಕರು ಇನ್ನೂ ನೋಡಿಲ್ಲ ಅಂತ ಅಷ್ಟೇ ಅರ್ಥ.

ಕಪ್ಪುಬಿಳುಪು
‘ನೊಸ್ಫೆರಾಟು’ಗೇ ಕ್ಲೇಮ್ ಬಂದಿದ್ದು ನೋಡಿ ಹೊಟ್ಟೆ ಉರೀತು. ಕಾಪಿರೈಟ್ ಹೆಸರಲ್ಲಿ ಕೊಲ್ಲಬೇಕು ಅಂತ ಹೊರಟಿದ್ದ ಚಿತ್ರ ಅದು. ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿ ಇಲ್ಲದೆ ಎತ್ತಿಕೊಂಡು, ಹೆಸರು ಮಾತ್ರ ಬದಲಾಯಿಸಿ ತೆಗೆದಿದ್ದರು. ಬ್ರಾಮ್ ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. 1925ರಲ್ಲಿ ಜರ್ಮನ್ ಕೋರ್ಟು ಎಲ್ಲ ಪ್ರಿಂಟುಗಳನ್ನೂ ನಾಶ ಮಾಡಿ ಅಂತ ತೀರ್ಪು ಕೊಡ್ತು. ಅಷ್ಟರಲ್ಲಿ ಒಂದಷ್ಟು ಪ್ರತಿ ಬೇರೆ ದೇಶಗಳಿಗೆ ಹೋಗಿದ್ದಕ್ಕೆ ಚಿತ್ರ ಉಳೀತು. ಆ ಹೆಂಗಸಿನ ಕಡೆ ನ್ಯಾಯ ಇತ್ತು, ಗಂಡನ ಪುಸ್ತಕದ ಹಣವೇ ಆಕೆಗೆ ಆಧಾರ. ಆದರೂ ಆ ತೀರ್ಪು ಪೂರ್ತಿ ಜಾರಿಯಾಗಿದ್ದರೆ ಜಗತ್ತಿಗೆ ಎಷ್ಟು ದೊಡ್ಡ ನಷ್ಟ ಯೋಚಿಸಿ.

ಕರಾವಳಿಕನ್ನಡಿ
ನ್ಯಾಯ ಬೇರೆ, ನಾಶ ಬೇರೆ ಮಾರಾಯ್ರೆ. ದುಡ್ಡು ಕೊಡಿಸ್ಬೇಕಿತ್ತು, ಸುಡ್ಲಿಕ್ಕೆ ಹೇಳ್ಬಾರ್ದಿತ್ತು.

ಕಪ್ಪುಬಿಳುಪು
ಕೊಡಿಸೋಕೆ ಆ ಕಂಪನಿ ಉಳಿದಿರಲಿಲ್ಲ, ಅಷ್ಟರಲ್ಲಿ ದಿವಾಳಿ ಎದ್ದಿತ್ತು.

ಹಳೇಪ್ರೊಜೆಕ್ಟರ್
ಮೂಕಿಪ್ರಿಯ ಅವರೇ, ಹಕ್ಕಿನ ವಿಷಯ ಕಾನೂನುಕಣ್ಣು ನೋಡಿಕೊಳ್ಳಲಿ. ನನ್ನ ಪ್ರಶ್ನೆ: ನೀವು ತಗೊಂಡ ಕಾಪಿಯಲ್ಲಿ ರಾತ್ರಿ ದೃಶ್ಯಗಳು ನೀಲಿ ಇವೆಯಾ, ಬರೀ ಕಪ್ಪುಬಿಳುಪಾ?

ಮೂಕಿಪ್ರಿಯ
ಬರೀ ಕಪ್ಪುಬಿಳುಪು ಸರ್. ಮೂಕಿ ಚಿತ್ರ ಅಂದ್ರೆ ಹಾಗೇ ಅಲ್ವಾ?

ಹಳೇಪ್ರೊಜೆಕ್ಟರ್
ಇದನ್ನೇ ಹೇಳಬೇಕು ಅಂತಿದ್ದೆ. ಆ ಕಾಪಿ ಬಿಟ್ಟುಬಿಡಿ.

ಆಗಿನ ಫಿಲ್ಮಿಗೆ ರಾತ್ರಿಯ ಕತ್ತಲಲ್ಲಿ ಚಿತ್ರ ಹಿಡಿಯುವ ಶಕ್ತಿ ಇರಲಿಲ್ಲ. ಹಾಡಹಗಲಲ್ಲೇ ತೆಗೆದು, ಆಮೇಲೆ ಆ ಭಾಗದ ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಬಂತು ಅಂದ್ರೆ ರಾತ್ರಿ ಅಂತ ಪ್ರೇಕ್ಷಕರಿಗೆ ಗೊತ್ತಿತ್ತು. ಹಳದಿ ಅಂದ್ರೆ ಮನೆಯೊಳಗಿನ ದೀಪ, ಗುಲಾಬಿ ಅಂದ್ರೆ ಬೆಳಗಿನ ಜಾವ. ಆಮೇಲೆ ಯಾರೋ ಅದನ್ನು ಅಗ್ಗದ ಕಪ್ಪುಬಿಳುಪು ಫಿಲ್ಮಿಗೆ ನಕಲು ಹೊಡೆದಾಗ ಬಣ್ಣ ಹೋಯ್ತು. ಈಗ ಆ ಕಾಪಿ ನೋಡಿದರೆ, ಬೆಳಕು ಬಿದ್ದರೆ ಸಾಯುವ ರಕ್ತಪಿಶಾಚಿ ಉರಿ ಬಿಸಿಲಲ್ಲಿ ಶವಪೆಟ್ಟಿಗೆ ಹೊತ್ತುಕೊಂಡು ಊರೆಲ್ಲ ಸುತ್ತುತ್ತಾನೆ. ಅವನ ನೆರಳು ರಸ್ತೆ ಮೇಲೆ ಸ್ಪಷ್ಟವಾಗಿ ಬಿದ್ದಿರುತ್ತೆ. ಕಥೆಯೇ ಕೆಟ್ಟುಹೋಗುತ್ತೆ. ‘ಈ ಸಿನಿಮಾಗೆ ಯಾಕೆ ಜನ ಹೆದರ್ತಿದ್ರು’ ಅಂತ ಈಗಿನ ಹುಡುಗರು ಕೇಳೋದು ಇದಕ್ಕೇ.

ಹಕ್ಕು ಮುಗಿದ ಚಿತ್ರಗಳಿಗೆ ಬಂದಿರುವ ದೊಡ್ಡ ಕಷ್ಟ ಇದೇ. ಮಾಲೀಕರಿಲ್ಲ ಅಂದಮೇಲೆ ಯಾರು ಬೇಕಾದರೂ ಹಾಕಬಹುದು, ಹಾಕ್ತಾರೆ. ನಕಲಿನ ನಕಲು, ಅದರ ನಕಲು. ಜನ ಅದನ್ನೇ ಮೂಲ ಅಂದುಕೊಂಡು, ಹಳೇ ಸಿನಿಮಾ ಅಂದ್ರೆ ಮಬ್ಬು ಅಂತ ತೀರ್ಮಾನ ಮಾಡಿಬಿಡ್ತಾರೆ. ‘ಫ್ರೀ ಇದೆಯಾ’ ಅಂತ ಕೇಳೋದಕ್ಕಿಂತ ಮೊದಲು ‘ಯಾವ ಪ್ರಿಂಟಿನಿಂದ ಬಂದಿದ್ದು’ ಅಂತ ಕೇಳಿ.

ಮಧ್ಯಂತರ
ಒಪ್ಪಲ್ಲ. ಮಬ್ಬಾಗಿದ್ದರೂ ನೋಡೋಕೆ ಸಿಗೋದು ಮುಖ್ಯ. ಒಳ್ಳೇ ಪ್ರಿಂಟಿಗೆ ಕಾಯ್ತಾ ಕೂತರೆ ಯಾರೂ ನೋಡಲ್ಲ. ನಾನು ಬಸ್ಟರ್ ಕೀಟನ್ ಅವರ ‘ದಿ ಜನರಲ್’ ಮೊದಲ ಸಲ ನೋಡಿದ್ದು ತೀರಾ ಕೆಟ್ಟ ವಿಸಿಡಿಯಲ್ಲಿ. ಅದರಲ್ಲೇ ಮರುಳಾದೆ.

ಹಳೇಪ್ರೊಜೆಕ್ಟರ್
‘ದಿ ಜನರಲ್’ನಲ್ಲಿ ರೈಲು ಸೇತುವೆ ಸಮೇತ ನದಿಗೆ ಬೀಳುತ್ತಲ್ಲ, ಅದು ನಿಜವಾದ ಎಂಜಿನ್, ಆಟಿಕೆ ಅಲ್ಲ. ಒಳ್ಳೇ ಪ್ರಿಂಟಲ್ಲಿ ಮರದ ಸೀಳು, ಹಬೆ, ನೀರಿನ ಹನಿ ಕಾಣುತ್ತೆ. ಕೆಟ್ಟದ್ದರಲ್ಲಿ ಆಟಿಕೆಯ ಥರವೇ ಕಾಣುತ್ತೆ. ಮರುಳಾದಿರಿ, ಸಂತೋಷ. ಆದರೆ ಅರ್ಧ ಚಿತ್ರ ನೋಡಿ ಮರುಳಾದಿರಿ.

ರೀಲುಪೆಟ್ಟಿಗೆ
ಅಲ್ಲರೀ, ಚಾಪ್ಲಿನ್ ಚಿತ್ರ ಎಲ್ಲಾ ಯಾಕ ಹಂಗ ದಡಬಡ ಓಡ್ತಾವ? ಅದೂ ಪ್ರಿಂಟಿಂದೇ ತಪ್ಪೇನು?

ಹಳೇಪ್ರೊಜೆಕ್ಟರ್
ಅರ್ಧ ತಪ್ಪು, ಅರ್ಧ ಬೇಕಂತಲೇ ಮಾಡಿದ್ದು. ಆಗ ಕ್ಯಾಮೆರಾ ಕೈಯಲ್ಲಿ ತಿರುಗಿಸ್ತಿದ್ದರು. ಸೆಕೆಂಡಿಗೆ 16 ಫ್ರೇಮ್, ಅಂದ್ರೆ 16 ಬಿಡಿಚಿತ್ರ ಅಂತ ಪುಸ್ತಕದಲ್ಲಿ ಬರೀತಾರೆ, ಆದರೆ ಕೈ ಅಂದ್ರೆ ಕೈ, ಚಿತ್ರದಿಂದ ಚಿತ್ರಕ್ಕೆ, ಒಂದೇ ಚಿತ್ರದಲ್ಲಿ ದೃಶ್ಯದಿಂದ ದೃಶ್ಯಕ್ಕೆ ಬದಲಾಗ್ತಿತ್ತು. ಟಾಕಿ, ಅಂದ್ರೆ ಮಾತಿನ ಚಿತ್ರ ಬಂದಮೇಲೆ 24 ಅಂತ ಸ್ಥಿರವಾಯ್ತು. 16ರಲ್ಲೋ 18ರಲ್ಲೋ ತೆಗೆದಿದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಇರುವೆ ಥರ ಓಡ್ತಾರೆ, ಅಳುವ ದೃಶ್ಯವೂ ನಗು ಬರಿಸುತ್ತೆ.

ಇನ್ನೊಂದು ತಪ್ಪಿದೆ, ಕಾರ್ಡ್ ಮಾಡುವ ಮೂಕಿಪ್ರಿಯರಿಗೆ ಇದು ಬೇಕು. ಟಾಕಿ ಫಿಲ್ಮಿನ ಎಡ ಅಂಚಲ್ಲಿ ಧ್ವನಿಗೆ ಒಂದು ಪಟ್ಟಿ ಜಾಗ ಬಿಟ್ಟಿರ್ತಾರೆ. ಮೂಕಿಯಲ್ಲಿ ಆ ಜಾಗದಲ್ಲೂ ಚಿತ್ರ ಇರ್ತಿತ್ತು. ಮೂಕಿಯನ್ನು ಟಾಕಿ ಯಂತ್ರದಲ್ಲಿ ನಕಲು ಮಾಡಿದಾಗ ಎಡಗಡೆ ಒಂದು ಸೀಳು ಕತ್ತರಿಸಿಹೋಗುತ್ತೆ. ನಿಮ್ಮ ಕಾಪಿಯ ಮೂಲ ಟೈಟಲ್ ಕಾರ್ಡ್ ನೋಡಿ. ಸಾಲಿನ ಮೊದಲ ಅಕ್ಷರ ಅಂಚಿಗೆ ಒತ್ತಿಕೊಂಡಿದ್ದು, ಬಲಗಡೆ ಮಾತ್ರ ಖಾಲಿ ಹೆಚ್ಚಿದ್ದರೆ ಕತ್ತರಿ ಬಿದ್ದಿದೆ ಅಂತ ತಿಳ್ಕೊಳ್ಳಿ. ಎಡಗಡೆ ನಿಂತವರ ಭುಜ, ಕೆಲವು ಸಲ ಮುಖವೇ ಅರ್ಧ ಹೋಗಿರುತ್ತೆ.

ಮೊದಲಸಾಲು
ಚಾಪ್ಲಿನ್ ವಿಷಯದಲ್ಲಿ ಹಳೇಪ್ರೊಜೆಕ್ಟರ್ ಅವರ ಮಾತಿಗೆ ಒಂದು ತಿದ್ದುಪಡಿ. ಹಾಸ್ಯಚಿತ್ರಗಳನ್ನು ಬೇಕಂತಲೇ ನಿಧಾನ ತಿರುಗಿಸಿ ತೆಗೆದು, ಥಿಯೇಟರಲ್ಲಿ ಜೋರಾಗಿ ಓಡಿಸ್ತಿದ್ದರು. ಅವನ್ನು ‘ಸಹಜ’ ವೇಗಕ್ಕೆ ಇಳಿಸಿದರೆ ಹಾಸ್ಯವೇ ಸತ್ತುಹೋಗುತ್ತೆ. ಸಹಜವಾಗಿ ಕಾಣಬೇಕು ಅನ್ನೋದು ನಮ್ಮ ಈಗಿನ ಆಸೆ, ಅವರ ಉದ್ದೇಶ ಅಲ್ಲ.

ಹಳೇಪ್ರೊಜೆಕ್ಟರ್
ಅರ್ಧ ಬೇಕಂತಲೇ ಅಂದಿದ್ದು ಅದನ್ನೇ. ಹಾಸ್ಯಕ್ಕೆ ನಿಮ್ಮ ಮಾತು ಸರಿ. ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ಗೂ ಅದೇ ನಿಯಮ ಅಂತೀರಾ?

ಮೊದಲಸಾಲು
ಇಲ್ಲ. ಆ ಚಿತ್ರದಲ್ಲಿ ಮುಖದ ಒಂದು ಸ್ನಾಯು ಅಲುಗಿದರೂ ಅದು ಘಟನೆ. ಅಂದಹಾಗೆ ಅದರ ಕಥೆ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಡ್ರೇಯರ್ 1928ರಲ್ಲಿ ಮಾಡಿದ್ದು. ಮೂಲ ನೆಗೆಟಿವ್ ಬೆಂಕಿಗೆ ಹೋಯ್ತು. ಉಳಿದ ಟೇಕುಗಳನ್ನು ಆರಿಸಿ ಮತ್ತೆ ಕಟ್ಟಿದರು, ಅದನ್ನೂ ಕಳಕೊಂಡೆ ಅಂತಲೇ ಡ್ರೇಯರ್ ತೀರಿಕೊಂಡರು. 1981ರಲ್ಲಿ ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಡಬ್ಬಿಗಳು ಸಿಕ್ಕವು. ತೆಗೆದು ನೋಡಿದರೆ ನಿರ್ದೇಶಕರು ಮೊದಲು ಕಟ್ಟಿದ ರೂಪವೇ! ‘ಮೆಟ್ರೊಪೊಲಿಸ್’ನ ಕಳೆದುಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಸಿಕ್ಕಿದ್ದೂ ಇಂಥದ್ದೇ. ಅದು ಗೀರು ಬಿದ್ದ 16 ಎಂಎಂ ನಕಲು. ಮಳೆ ಸುರಿದ ಹಾಗೆ ಕಾಣುತ್ತೆ, ಆದರೂ ಆ ಭಾಗ ಬಂದಮೇಲೆಯೇ ಕಥೆಗೆ ತಲೆಬುಡ ಸಿಕ್ಕಿದ್ದು.

ಮಧ್ಯಂತರ
ನೋಡಿದ್ರಾ? ನಕಲಿನ ನಕಲೇ ಕಾಪಾಡಿದ್ದು. ನಾನು ಹೇಳಿದ್ದೂ ಇದನ್ನೇ.

ಮೂಕಿಪ್ರಿಯ
‘ಮೆಟ್ರೊಪೊಲಿಸ್’ ನನ್ನ ಪಟ್ಟಿಯಲ್ಲಿ ಎರಡನೆಯದು. ಅದು ಮುಕ್ತವಾ?

ಕಾನೂನುಕಣ್ಣು
1927ರ ಚಿತ್ರ, ಅಮೆರಿಕದಲ್ಲಿ 2023ರಿಂದ ಮುಕ್ತ. ಜರ್ಮನಿಯಲ್ಲಿ ಅಲ್ಲ. ನಿರ್ದೇಶಕ ಫ್ರಿಟ್ಜ್ ಲಾಂಗ್ ತೀರಿಕೊಂಡಿದ್ದು 1976ರಲ್ಲಿ, ಅಂದ್ರೆ ಅಲ್ಲಿ 2046ರ ಕೊನೆವರೆಗೆ ಹಕ್ಕು ಇದೆ. ಯೂಟ್ಯೂಬ್ ಎಲ್ಲ ದೇಶಕ್ಕೂ ಹೋಗೋದರಿಂದ ಇಂಥ ಚಿತ್ರಕ್ಕೆ ತಕರಾರು ಬಂದೇ ಬರುತ್ತೆ. ಈಗ ಬಿಟ್ಟು ಮುಂದಿನದಕ್ಕೆ ಹೋಗಿ.

ದೆವ್ವದಮನೆ
ಮೂಕಿಯೇ ಬೇಕು ಅಂತಿಲ್ಲದಿದ್ದರೆ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಹಾಕಿ. 1968ರ ಚಿತ್ರ, ಬಿಡುಗಡೆಯಾದ ದಿನದಿಂದಲೇ ಅಮೆರಿಕದಲ್ಲಿ ಯಾರ ಸ್ವತ್ತೂ ಅಲ್ಲ. ಮೊದಲು ಬೇರೆ ಹೆಸರಿತ್ತು, ಆ ಹೆಸರಿನ ಕಾರ್ಡಿನ ಕೆಳಗೆ ಕಾಪಿರೈಟ್ ಸೂಚನೆ ಇತ್ತು. ವಿತರಕರು ಹೆಸರು ಬದಲಾಯಿಸಿ ಹೊಸ ಕಾರ್ಡ್ ಹಾಕಿದರು, ಸೂಚನೆ ಹಾಕೋದು ಮರೆತರು. ಆಗಿನ ಅಮೆರಿಕನ್ ಕಾನೂನಲ್ಲಿ ಸೂಚನೆ ಇಲ್ಲ ಅಂದ್ರೆ ಹಕ್ಕೂ ಇಲ್ಲ. ಒಂದು ಸಾಲು!

ಕರಾವಳಿಕನ್ನಡಿ
ಪಾಪ ಅಲ್ವಾ ಮಾರಾಯ್ರೆ. ಅಷ್ಟು ಕಷ್ಟಪಟ್ಟು ತೆಗೆದವರಿಗೆ ಎಂತ ಸಿಕ್ಕಿತು? ವಿತರಕ ಮಾಡಿದ ತಪ್ಪಿಗೆ ನಿರ್ದೇಶಕ ದಂಡ ಕಟ್ಟಿದ ಹಾಗಾಯ್ತು. ಇದನ್ನು ಖುಷಿಯಿಂದ ಹೇಳ್ಲಿಕ್ಕೆ ಮನಸ್ಸು ಬರೂದಿಲ್ಲ ನನಗೆ.

ದೆವ್ವದಮನೆ
ನಿಮ್ಮ ಮಾತಿಗೆ ಗೌರವ ಇದೆ. ಆದರೆ ಎಲ್ಲ ಕಡೆ ತೋರಿಸಿದ್ದಕ್ಕೇ ಆ ಚಿತ್ರ ಮನೆಮಾತಾಯ್ತು, ಸತ್ತವರು ಎದ್ದು ಬರುವ ಜೋಂಬಿ ಅನ್ನೋ ಪ್ರಕಾರವೇ ಬೆಳೆದು ನಿಂತಿತು. ಬೀಗ ಹಾಕಿಟ್ಟಿದ್ದರೆ ಇಷ್ಟಾಗ್ತಿತ್ತಾ?

ಕರಾವಳಿಕನ್ನಡಿ
ಆಗ್ತಿತ್ತೋ ಇಲ್ವೋ ಅವರಿಗೇ ಬಿಡಬೇಕಿತ್ತು. ಅವಧಿ ಮುಗಿದು ಎಲ್ಲರದ್ದಾಗುವುದು ಒಂದು, ಕೈತಪ್ಪಿ ಎಲ್ಲರದ್ದಾಗುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಪೂರ್ತಿ ಬೆಂಬಲ ಉಂಟು.

ಹೊಸಬ
ಹಾಗಾದ್ರೆ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಕೂಡ ಫ್ರೀ ಅಂತ ಎಲ್ಲೋ ಓದಿದ್ದೆ.

ಕಾನೂನುಕಣ್ಣು
ಹಳೇ ಸುದ್ದಿ. 1946ರ ಚಿತ್ರ. ಆಗ ಮೊದಲ ಅವಧಿ 28 ವರ್ಷ, ಆಮೇಲೆ ಅರ್ಜಿ ಹಾಕಿ ನವೀಕರಿಸಬೇಕಿತ್ತು. 1974ರಲ್ಲಿ ನವೀಕರಿಸಲಿಲ್ಲ. ಟಿವಿ ವಾಹಿನಿಗಳು ದುಡ್ಡಿಲ್ಲದೆ ಸಿಕ್ಕಿತು ಅಂತ ಪ್ರತಿ ಕ್ರಿಸ್‌ಮಸ್‌ಗೆ ಹಾಕಿದ್ದೇ ಹಾಕಿದ್ದು, ಬಿಡುಗಡೆಯಲ್ಲಿ ಸೋತಿದ್ದ ಚಿತ್ರ ಹಾಗೆ ಜನಪ್ರಿಯವಾಯ್ತು. ಆದರೆ ಚಿತ್ರಕ್ಕೆ ಆಧಾರವಾದ ಸಣ್ಣಕಥೆಗೆ, ಸಂಗೀತಕ್ಕೆ ಹಕ್ಕು ಉಳಿದಿತ್ತು. ‘ರಿಯರ್ ವಿಂಡೋ’ ಚಿತ್ರದ ಮೂಲಕಥೆಯ ಜಗಳದಲ್ಲಿ 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಥೆಯ ಹಕ್ಕುದಾರರ ಪರ ತೀರ್ಪು ಕೊಟ್ಟಿತು. ಅದನ್ನು ಹಿಡಿದುಕೊಂಡು 1993ರಲ್ಲಿ ಈ ಚಿತ್ರದ ಮೇಲೂ ಹಕ್ಕು ಸ್ಥಾಪಿಸಿದರು. ವಾಹಿನಿಗಳು ಹಾಕೋದು ನಿಲ್ಲಿಸಿದವು.

‘ಶರಾಡ್’ ಕೂಡ ಇದೇ ಸಾಲಿನದ್ದು. 1963ರದ್ದು. ಕಾರ್ಡಲ್ಲಿ ವರ್ಷ ಇದೆ, ಕಂಪನಿ ಹೆಸರಿದೆ, ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಅಂತಲೂ ಇದೆ. ‘ಕಾಪಿರೈಟ್’ ಅನ್ನೋ ಪದವಾಗಲಿ ಅದರ ಚಿಹ್ನೆಯಾಗಲಿ ಇಲ್ಲ. ಹಾಗಾಗಿ ಹಕ್ಕು ಹೋಯ್ತು. ಚಿತ್ರ ಬೇರೆ, ಅದರೊಳಗಿನ ಕಥೆ ಬೇರೆ, ಸಂಗೀತ ಬೇರೆ, ಮೂರನ್ನೂ ಬೇರೆಬೇರೆಯಾಗಿ ನೋಡಬೇಕು.

ರೀಲುಪೆಟ್ಟಿಗೆ
ಅಮೆರಿಕಾ ಜರ್ಮನಿ ಎಲ್ಲಾ ಆತು. ನಮ್ಮ ಕನ್ನಡ ಸಿನಿಮಾದ್ದು ಏನ್ರಿ? 60 ವರ್ಷ ಅಂದ್ರ 1960ರ ‘ರಣಧೀರ ಕಂಠೀರವ’ ಎಲ್ಲರದ್ದೂ ಆಗಿರಬೇಕಲ್ಲ?

ಕಾನೂನುಕಣ್ಣು
ಆ ಲೆಕ್ಕ ಸರಿ. 1960ರ ಚಿತ್ರಕ್ಕೆ 2020ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯುತ್ತೆ. 1965ರಲ್ಲಿ ಬಂದವು 2026ರ ಜನವರಿ 1ರಿಂದ ಮುಕ್ತ. ಮೊದಲು 50 ವರ್ಷ ಇತ್ತು. ಟಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುತ್ತೆ ಅಂತ ಗದ್ದಲ ಎದ್ದಾಗ ತಿದ್ದುಪಡಿ ತಂದು ಎಲ್ಲಕ್ಕೂ 10 ವರ್ಷ ಸೇರಿಸಿದರು, ಸಿನಿಮಾಗೂ ಸೇರಿತು. ಆದರೆ 1958ರ ಜನವರಿಗಿಂತ ಮುಂಚೆ ಬಂದ ಚಿತ್ರಗಳಿಗೆ ಈ ಸರಳ ಲೆಕ್ಕ ಹಚ್ಚಬೇಡಿ. ಅವು 1914ರ ಕಾಯಿದೆಯ ಕಾಲದವು, ಆ ಕಾಯಿದೆಯಲ್ಲಿ ಸಿನಿಮಾ ಅನ್ನೋ ಪ್ರತ್ಯೇಕ ವರ್ಗವೇ ಇರಲಿಲ್ಲ. ವಕೀಲರ ಹತ್ತಿರ ಕೂತು ಮಾತಾಡಬೇಕಾದ ವಿಷಯ.

ಈಗ ಹಾಡು. ಸಿನಿಮಾದ ಹಕ್ಕು ಮುಗಿದರೂ ಅದರೊಳಗಿನ ಸಾಹಿತ್ಯ, ಸಂಗೀತಕ್ಕೆ ತಮ್ಮದೇ ಆಯಸ್ಸು ಇದೆ. ಬರೆದವರು ತೀರಿಕೊಂಡ ಮೇಲೆ 60 ವರ್ಷ. ಗೀತರಚನೆಕಾರರು 1990ರಲ್ಲಿ ತೀರಿಕೊಂಡಿದ್ದರೆ 2050ರ ಕೊನೆವರೆಗೂ ಹಕ್ಕು ಇರುತ್ತೆ. ಚಿತ್ರಕಥೆಯದ್ದೂ ಹೀಗೇ. 2023ರಲ್ಲಿ ದೆಹಲಿ ಹೈಕೋರ್ಟ್, ಸತ್ಯಜಿತ್ ರಾಯ್ ಅವರ ‘ನಾಯಕ್’ ವಿಷಯದಲ್ಲಿ ಚಿತ್ರದ ಹಕ್ಕು ನಿರ್ಮಾಪಕರದ್ದು, ಚಿತ್ರಕಥೆಯ ಹಕ್ಕು ಬರೆದ ರಾಯ್ ಅವರದ್ದು ಅಂತ ಸ್ಪಷ್ಟವಾಗಿ ಹೇಳಿದೆ.

ರೀಲುಪೆಟ್ಟಿಗೆ
ಹಂಗಾದ್ರ ಏನು ಉಪಯೋಗ ಆತು? ಹಾಡು ಬಿಟ್ಟು ಕನ್ನಡ ಸಿನಿಮಾ ತೋರಸೂದು ಹೆಂಗ್ರಿ?

ಕಪ್ಪುಬಿಳುಪು
ರೀಲುಪೆಟ್ಟಿಗೆಯವರ ಸಿಟ್ಟು ನನ್ನದೂ ಹೌದು. ಕಾನೂನು 60 ವರ್ಷ ಅನ್ನುತ್ತೆ, ಕೈಗೆ ಮಾತ್ರ ಏನೂ ಸಿಗಲ್ಲ.

ಹಳೇಪ್ರೊಜೆಕ್ಟರ್
ಹಾಡಿನ ಜಗಳ ಆಮೇಲೆ ಮಾಡೋಣ, ಮೊದಲು ಚಿತ್ರ ಎಲ್ಲಿದೆ ಹೇಳಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬಿಡುಗಡೆ ಆಯ್ತು. ಇವತ್ತು ಒಂದು ಪ್ರಿಂಟೂ ಇಲ್ಲ. ಭಾರತದ ಮೊದಲ ಟಾಕಿ ‘ಆಲಂ ಆರಾ’ ಇಲ್ಲ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ನಾಲ್ಕು ರೀಲಿನ ಚಿತ್ರ, ಅದೂ ಪೂರ್ತಿ ಉಳಿದಿಲ್ಲ. ಇವುಗಳ ಹಕ್ಕು ಯಾರದ್ದಾದರೇನು?

1950ರ ಆಸುಪಾಸಿನ ತನಕ ಬಳಸಿದ್ದು ನೈಟ್ರೇಟ್ ಫಿಲ್ಮ್. ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರಲ್ಲ, ಉರಿಯೋಕೆ ಬೇಕಾದ ಆಮ್ಲಜನಕ ಅದರೊಳಗೇ ಇದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದ ನೈಟ್ರೇಟ್ ರೀಲುಗಳಿಗೆ 2003ರ ಜನವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಚಿತ್ರ ಬೂದಿಯಾದವು. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಅಷ್ಟು ಸುಲಭಕ್ಕೆ ಸುಡಲ್ಲ, ಕೊಳೆಯುತ್ತೆ. ಡಬ್ಬಿ ಮುಚ್ಚಳ ತೆಗೆದ ಕೂಡಲೆ ಮೂಗಿಗೆ ಹುಳಿ ವಾಸನೆ ಬಡಿಯುತ್ತೆ, ವಿನೆಗರ್‌ನದ್ದು. ಫಿಲ್ಮ್ ಕುಗ್ಗಿ ಅಲೆ ಅಲೆಯಾಗಿ ಡೊಂಕಾಗಿರುತ್ತೆ, ಪಕ್ಕದ ತೂತುಗಳು ಯಂತ್ರದ ಹಲ್ಲಿಗೆ ಕೂರಲ್ಲ. ಜೋರಾಗಿ ಬಿಚ್ಚಿದರೆ ಸುತ್ತಿಗೆ ಸುತ್ತು ಅಂಟಿಕೊಂಡು ಚಿತ್ರದ ಪದರ ಕಿತ್ತು ಬರುತ್ತೆ. ಅಂಥ ಒಂದು ಡಬ್ಬಿಯನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ. ಹೊರಸುತ್ತಿನಲ್ಲಿ ಒಬ್ಬ ನಟಿಯ ಮುಖ ಇತ್ತು, ಮೂರು ಸುತ್ತು ಒಳಗೆ ಹೋಗುವಷ್ಟರಲ್ಲಿ ಕಂದು ಕಲೆ ಬಿಟ್ಟು ಏನೂ ಉಳಿದಿರಲಿಲ್ಲ.

ಇನ್ನು ಬೆಳ್ಳಿ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತೆ. ಓಡಿ ಮುಗಿದ ಪ್ರಿಂಟುಗಳನ್ನು ತೊಳೆದು ಬೆಳ್ಳಿ ತೆಗೆದು ಮಾರಿದರು. ಆಗ ಹಳೇ ಚಿತ್ರಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಇರಲಿಲ್ಲ.

ಮೊದಲಸಾಲು
ನಮ್ಮಲ್ಲಿ ಮಾತ್ರ ಅಂತ ಅಲ್ಲ. ಅಮೆರಿಕದಲ್ಲಿ ಸುಮಾರು 11,000 ಮೂಕಿ ಕಥಾಚಿತ್ರ ತಯಾರಾದವು, ಮೂಲ ರೂಪದಲ್ಲಿ ಪೂರ್ತಿ ಉಳಿದಿರೋದು ಶೇ 14 ಅಂತ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತೆ. ಫ್ರಾನ್ಸಿನ ಮೂಕಿ ನಿರ್ದೇಶಕ ಮೆಲಿಯೆಸ್ ತಮ್ಮ ನೆಗೆಟಿವ್‌ಗಳಿಗೆ ತಾವೇ ಬೆಂಕಿ ಇಟ್ಟರು. ನಮ್ಮಲ್ಲಿ ಪುಣೆಯ ಸಂಗ್ರಹಾಗಾರ ಕಟ್ಟಿದ ಪಿ.ಕೆ. ನಾಯರ್ ಅಂಥವರು ಹಟ ಹಿಡಿದು ಹುಡುಕದೇ ಹೋಗಿದ್ದರೆ ಫಾಲ್ಕೆಯವರ ರೀಲುಗಳೂ ಇವತ್ತು ಇರ್ತಿರಲಿಲ್ಲ.

ಕಪ್ಪುಬಿಳುಪು
ಇದಕ್ಕೇ ನಾನು ಹೇಳೋದು, 60 ವರ್ಷವೂ ಬಹಳ ಹೆಚ್ಚು. ನಿರ್ಮಾಪಕ ಕಂಪನಿ ಮುಚ್ಚಿರುತ್ತೆ, ವಾರಸುದಾರರು ಯಾರು ಅಂತ ಗೊತ್ತಿರಲ್ಲ, ಹೊರಗಿನವರು ಮುಟ್ಟಿದರೆ ಕೇಸು. ಅವಧಿ ಮುಗಿಯೋವರೆಗೆ ಕಾದರೆ ಡಬ್ಬಿಯಲ್ಲಿ ವಿನೆಗರ್ ಮಾತ್ರ ಉಳಿಯುತ್ತೆ. ನಕಲು ಮಾಡಿ ಕಾಪಾಡೋಕಾದರೂ ಅನುಮತಿ ಕೇಳೋ ಹಾಗಿರಬಾರದು.

ಕರಾವಳಿಕನ್ನಡಿ
ಕಾಪಾಡ್ಲಿಕ್ಕೆ ನಕಲು ಮಾಡುವುದು ಸರಿ. ತೋರಿಸ್ಲಿಕ್ಕೆ ಅಲ್ಲ. ಎರಡನ್ನೂ ಒಟ್ಟಿಗೆ ಹಾಕಿ ಮಾತಾಡುವುದು ಬೇಡ.

ಹುಬ್ಬುಗಣ್ಣು
ಈಗ ಎಐ ಇದೆಯಲ್ಲ. ಹಳೇ ಚಿತ್ರ ಹಾಕಿದರೆ 4ಕೆ, ಸೆಕೆಂಡಿಗೆ 60 ಫ್ರೇಮ್, ಬಣ್ಣ ಎಲ್ಲ ತಾನೇ ಕೊಡುತ್ತೆ. ಮೂಕಿಪ್ರಿಯ ಅವರು ಅದನ್ನೇ ಬಳಸಬಹುದು. ಈಗಿನ ಮಕ್ಕಳು ಕಪ್ಪುಬಿಳುಪು ನೋಡಲ್ಲ.

ಹಳೇಪ್ರೊಜೆಕ್ಟರ್
ದಯವಿಟ್ಟು ಬೇಡ. ಆ 60 ಫ್ರೇಮಿನಲ್ಲಿ ಮುಕ್ಕಾಲು ಪಾಲು ಯಂತ್ರ ಊಹಿಸಿ ಬರೆದಿದ್ದು. ಕಣ್ಣು ಮಿಟುಕಿಸುವ ಕ್ಷಣ ನಿಲ್ಲಿಸಿ ನೋಡಿ, ರೆಪ್ಪೆ ಕೆನ್ನೆಗೆ ಕರಗಿರುತ್ತೆ. ಬೆರಳು ಕೆಲವು ಫ್ರೇಮಲ್ಲಿ ಆರು ಇರ್ತವೆ. ಅದು ಆ ನಟರ ಅಭಿನಯ ಅಲ್ಲ.

ಹುಬ್ಬುಗಣ್ಣು
ಬಣ್ಣ ಹಾಕಿದ್ದು ಹೊಸದೇನಲ್ಲವಲ್ಲ. ‘ಮೊಘಲ್-ಎ-ಆಜಂ’ 2004ರಲ್ಲಿ ಬಣ್ಣದಲ್ಲಿ ಬಂತು. ನಮ್ಮ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಂತು. ಜನ ನೋಡಿ ಮೆಚ್ಚಿದರು. ಆಗ ಯಾರೂ ಬೇಡ ಅನ್ನಲಿಲ್ಲ.

ಮೊದಲಸಾಲು
ಮೂಕಿಗೂ ಬಣ್ಣ ಇತ್ತು, ಮೂಲದಲ್ಲೇ. ಮೆಲಿಯೆಸ್ ಅವರ ಚಂದ್ರಯಾನದ ಚಿತ್ರ, 1902ರದ್ದು, ಅದರ ಬಣ್ಣದ ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿತು. ಆ ಕಾಲದಲ್ಲಿ ಪ್ಯಾರಿಸ್‌ನ ಥುಯಿಲಿಯೆ ಅವರ ಕಾರ್ಯಾಗಾರದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು, ಒಂದೊಂದು ಫ್ರೇಮಿಗೂ ಸಣ್ಣ ಕುಂಚದಲ್ಲಿ ಬಣ್ಣ ತುಂಬ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಹುಬ್ಬುಗಣ್ಣು ಅವರೇ, ಮಕ್ಕಳಿಗೆ ಬಣ್ಣದ ಮೂಕಿ ತೋರಿಸಬೇಕು ಅಂದರೆ ಇದನ್ನು ತೋರಿಸಿ. ಮೆಲಿಯೆಸ್ ತೀರಿಕೊಂಡಿದ್ದು 1938ರಲ್ಲಿ, ಚಿತ್ರ ಎಲ್ಲ ಕಡೆ ಮುಕ್ತ.

ಕಾನೂನುಕಣ್ಣು
ಬಣ್ಣ ಹಾಕಿದ ಪ್ರತಿಗಳ ಬಗ್ಗೆ ಒಂದು ಎಚ್ಚರಿಕೆ. ಈಚೆಗೆ ಬಣ್ಣ ಹಾಕಿದ ರೂಪಕ್ಕೆ ಅಮೆರಿಕದಲ್ಲಿ 1987ರಿಂದ ಪ್ರತ್ಯೇಕ ನೋಂದಣಿ ಕೊಡ್ತಾರೆ. ಕಪ್ಪುಬಿಳುಪು ಮುಕ್ತವಾಗಿದ್ದರೂ ಬಣ್ಣದ್ದು ಮುಕ್ತ ಅಲ್ಲದಿರಬಹುದು. ಗೀರು ತೆಗೆದು ಚೊಕ್ಕ ಮಾಡಿದ್ದಕ್ಕೆ ಮಾತ್ರ ಹೊಸ ಹಕ್ಕು ಹುಟ್ಟೋದು ಕಷ್ಟ. ಬರೀ ಶ್ರಮ ಸಾಲದು, ಸ್ವಲ್ಪವಾದರೂ ಸೃಜನಶೀಲತೆ ಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ ಕೂಡ ಮೋದಕ್ ಪ್ರಕರಣದಲ್ಲಿ ಹೇಳಿದೆ. ಅದು ಕಾನೂನು ವರದಿಗಳ ಬಗ್ಗೆ ಬಂದ ತೀರ್ಪು, ತತ್ವ ಮಾತ್ರ ಇಲ್ಲಿಗೂ ಹೊಂದುತ್ತೆ.

ಮೂಕಿಪ್ರಿಯ ಅವರೇ, ಕಾರ್ಡುಗಳ ಅನುವಾದ ಎಲ್ಲಿಂದ ಮಾಡ್ತಿದ್ದೀರಿ?

ಮೂಕಿಪ್ರಿಯ
ಡಿವಿಡಿಯಲ್ಲಿದ್ದ ಇಂಗ್ಲಿಷ್ ಕಾರ್ಡಿಂದ.

ಕಾನೂನುಕಣ್ಣು
ಅದನ್ನೂ ಬದಲಾಯಿಸಿ. ಆ ಇಂಗ್ಲಿಷ್ ಈಚೆಗೆ ಯಾರೋ ಮಾಡಿದ ಅನುವಾದ ಆಗಿದ್ದರೆ ಅದಕ್ಕೂ ಹಕ್ಕು ಇರುತ್ತೆ. ಮೂಲ ಜರ್ಮನ್ ಕಾರ್ಡುಗಳಿಂದ ಮಾಡಿ, ಅವು ಮುಕ್ತ. ಇನ್ನೊಂದು, ಸಭಾಂಗಣದಲ್ಲಿ ಸಾರ್ವಜನಿಕವಾಗಿ ತೋರಿಸುವ ಆಲೋಚನೆ ಇದ್ದರೆ 1952ರ ಸಿನಿಮಾಟೋಗ್ರಾಫ್ ಕಾಯಿದೆ ಪ್ರಕಾರ ಸೆನ್ಸಾರ್ ಪ್ರಮಾಣಪತ್ರದ ವಿಷಯವನ್ನೂ ನೋಡಬೇಕು. ಕಾಪಿರೈಟ್ ಮುಗಿದಿದೆ ಅಂದಮಾತ್ರಕ್ಕೆ ಅದು ತಪ್ಪಿಹೋಗಲ್ಲ.

ಮೂಕಿಪ್ರಿಯ
ಜರ್ಮನ್ ಬಲ್ಲ ಗೆಳತಿ ಇದ್ದಾಳೆ, ಕೇಳ್ತೀನಿ. ಹಳೇಪ್ರೊಜೆಕ್ಟರ್ ಸರ್, ನೀಲಿ ಹಳದಿ ಇರುವ ಪ್ರತಿ ಹುಡುಕ್ತೀನಿ. ಸಂಗೀತಕ್ಕೆ ಏನು ಮಾಡಲಿ? ಪೂರ್ತಿ ಮೌನ ಇಟ್ಟರೆ ಜನ ಕೂರಲ್ಲ.

ವಾದ್ಯಗೋಷ್ಠಿ
ಇಷ್ಟು ಹೊತ್ತು ಓದ್ತಾ ಇದ್ದೆ, ಈಗ ನನ್ನ ಕೆಲಸ ಬಂತು. ನಾನು ಹಾರ್ಮೋನಿಯಂ ನುಡಿಸ್ತೀನಿ, ಗೆಳೆಯ ತಬಲಾ. ಚಿತ್ರ ನೋಡ್ತಾ ನೋಡ್ತಾ ನುಡಿಸಿ ರೆಕಾರ್ಡ್ ಮಾಡಿ ಕೊಡ್ತೀವಿ, ಸ್ವಂತ ರಚನೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡ್ತೀವಿ, ಹೆಸರು ಹಾಕಿದರೆ ಸಾಕು, ಮುಂದೆ ಯಾರು ಬೇಕಾದರೂ ಬಳಸಲಿ.

ಹಳೇಪ್ರೊಜೆಕ್ಟರ್
ಬಹಳ ಒಳ್ಳೇದು. ಒಂದು ಕೋರಿಕೆ: ವೇಗ ತೀರ್ಮಾನ ಆಗೋವರೆಗೆ ರೆಕಾರ್ಡ್ ಮಾಡಬೇಡಿ. 18 ಫ್ರೇಮಿಗೆ ನುಡಿಸಿದ್ದು 20 ಫ್ರೇಮಿಗೆ ಕೂರಲ್ಲ, ಕೊನೆಗೆ ನಿಮಿಷಗಟ್ಟಲೆ ವ್ಯತ್ಯಾಸ ಬರುತ್ತೆ.

ರೀಲುಪೆಟ್ಟಿಗೆ
ಹಾರ್ಮೋನಿಯಂ ಮ್ಯಾಲೆ ರಕ್ತಪಿಶಾಚಿ! ನಾ ನೋಡಾಕ ತಯಾರದೀನಿ. ಕಾರ್ಡ್ ಎಷ್ಟು ಹೊತ್ತು ಇಡ್ತೀರಿ? ಸಾವಕಾಶ ಓದೂ ಮಂದಿಗೆ ಸಾಕಾಗಬೇಕು.

ಮೂಕಿಪ್ರಿಯ
ಮೂಲದಲ್ಲಿ ಎಷ್ಟು ಹೊತ್ತು ಇದೆಯೋ ಅಷ್ಟೇ ಇಡಬೇಕು ಅಂದುಕೊಂಡಿದ್ದೆ.

ಹಳೇಪ್ರೊಜೆಕ್ಟರ್
ಬೇಡ. ಕನ್ನಡದ ಸಾಲು ಉದ್ದ ಆಗುತ್ತೆ. ನೀವೇ ಎರಡು ಸಲ ನಿಧಾನಕ್ಕೆ ಗಟ್ಟಿಯಾಗಿ ಓದಿ, ಅಷ್ಟು ಹೊತ್ತು ಇಡಿ. ಅದರ ಲೆಕ್ಕ ವಾದ್ಯಗೋಷ್ಠಿಯವರಿಗೆ ಮೊದಲೇ ಕೊಟ್ಟುಬಿಡಿ.

ವಾದ್ಯಗೋಷ್ಠಿ
ಹೌದು, ಮೊದಲ ಅಂಕದ ಕಾರ್ಡುಗಳು ಕೂತ ಮೇಲೆ ಅಷ್ಟನ್ನೇ ಕಳಿಸಿ. ಅಲ್ಲಿಂದ ಶುರು ಮಾಡ್ತೀವಿ.